ಖಾತೆದಾರರು ಮನೆಯಲ್ಲಿಲ್ಲ

ಸೆಪ್ಟೆಂಬರ್ 16, ಸೋಮವಾರ

ಕರೆಂಟು, ಗ್ಯಾಸು ಕೊಡುವ ಕಂಪನಿಯಿಂದ ಪತ್ರ ಬಂತು. ಲಕೋಟೆಯ ಮೇಲೆ ಎಂದಿನಂತೆ ಶ್ರೀ ಕ್ಲೈವ್ ಹಾರ್ಡ್‌ಸ್ಟಾಫ್. ಈ ಮನೆಯಲ್ಲಿ ದೀಪ ಹಾಕುವವಳು ನಾನು, ಒಲೆ ಹಚ್ಚುವವಳು ನಾನು, ಎರಡು ಸ್ವೆಟರ್ ತೊಟ್ಟು ಕೂತು ಹೀಟರ್ ಹಾಕಲೋ ಬೇಡವೋ ಎಂದು ಯೋಚಿಸುವವಳೂ ನಾನೇ. ಪತ್ರ ಮಾತ್ರ ಅವನಿಗೆ. ಒಡೆದು ಓದಿದೆ. ಹೋದ ವರ್ಷ ಹಿಡಿದ ನಿಗದಿತ ದರ ಅಕ್ಟೋಬರ್ 31ಕ್ಕೆ ಮುಗಿಯುತ್ತದಂತೆ. ಅಷ್ಟರೊಳಗೆ ಹೊಸ ದರವನ್ನೋ ಬೇರೆ ಕಂಪನಿಯನ್ನೋ ಆರಿಸಿಕೊಳ್ಳಬೇಕಂತೆ. ಸುಮ್ಮನೆ ಕೂತರೆ ಮೂರು ತಿಂಗಳಿಗೊಮ್ಮೆ ಬದಲಾಗುವ ಮಾಮೂಲಿ ದರಕ್ಕೆ ನಮ್ಮನ್ನು ತಳ್ಳುತ್ತಾರಂತೆ. ಕೊನೆಯಲ್ಲಿ ‘ನಿಮ್ಮ ಮನೆ ಸದಾ ಬೆಚ್ಚಗಿರಲಿ’ ಎಂದು ಬರೆದು ಹಲ್ಲು ಕಿರಿಯುವ ಬಲ್ಬಿನ ಚಿತ್ರ ಹಾಕಿದ್ದಾರೆ. ಥೂ.

ಫೋನ್ ಮಾಡಿದೆ. ಕಾಯಿಸುತ್ತಾ ಮೂವತ್ತೆಂಟು ನಿಮಿಷ ಅದೇ ಪಿಟೀಲು. ಆಮೇಲೆ ಒಬ್ಬ ಹುಡುಗ ಬಂದ. ಮೂಗಿನಲ್ಲಿ ಮಾತಾಡುತ್ತಿದ್ದ.

“ಖಾತೆದಾರರು ಮನೇಲಿದಾರಾ ಮೇಡಂ?”

“ಇಲ್ಲಪ್ಪ.”

“ಎಷ್ಟೊತ್ತಿಗೆ ಬರ್ತಾರೆ?”

“ಅದನ್ನ ನಾನೂ ಯಾರನ್ನಾದ್ರೂ ಕೇಳ್ಬೇಕು ಅಂತಿದೀನಿ.”

“ಬಂದ್ಮೇಲೆ ಅವರ ಕೈಲೇ ಫೋನ್ ಮಾಡ್ಸಿ. ಅಲ್ಲೀವರೆಗೂ ದರದ ವಿಷ್ಯ ನಿಮ್ಹತ್ರ ಮಾತಾಡೋ ಹಾಗಿಲ್ಲ. ನಿಮ್ಮ ಸುರಕ್ಷತೆಗೋಸ್ಕರಾನೇ ಈ ನಿಯಮ ಮೇಡಂ.”

ನನ್ನ ಸುರಕ್ಷತೆಗೆ!

ಯಾರೂ ಓದದ ಈ ಪುಸ್ತಕದಲ್ಲಾದರೂ ಇದ್ದದ್ದು ಇದ್ದಹಾಗೆ ಬರೆಯುತ್ತೇನೆ. ನನ್ನ ಗಂಡ ಕ್ಲೈವ್ ಮಾರ್ಚ್ ತಿಂಗಳಿಂದ ಇಲ್ಲಿಲ್ಲ. ಸ್ಕೆಗ್ನೆಸ್‌ನ ಆಚೆ ಸಮುದ್ರದಂಚಿನ ಕ್ಯಾರವಾನ್ ಪಾರ್ಕಿನಲ್ಲಿ, ಚಕ್ರವಿದ್ದೂ ಉರುಳದ ಒಂದು ತಗಡಿನ ಡಬ್ಬದೊಳಗೆ, ಹುಲ್ಲಿನ ಮೇಲೆ ಚೆಂಡುರುಳಿಸುವ ಬೌಲ್ಸ್ ಕ್ಲಬ್ಬಿನ ಲೊರೇನ್ ಜೊತೆ ಇದ್ದಾನೆ. ಎಪ್ಪತ್ತೆರಡು ವರ್ಷ ಅವನಿಗೆ. ಬಾಗಿ ಕಾಲುಚೀಲ ಹಾಕಿಕೊಳ್ಳಲು ಬಾರದವನಿಗೆ ಪ್ರೀತಿ ಬಂದಿದೆ. ಇದು ಗೊತ್ತಿರುವುದು ನನಗೆ ಮತ್ತು ನನ್ನ ತಂಗಿ ಏವ್ರಿಲ್‌ಗೆ ಮಾತ್ರ. ಬೀದಿಯವರಿಗೂ ಚರ್ಚಿನವರಿಗೂ ಹೇಳಿರುವುದು ಬೇರೆ. ಕ್ಲೈವ್‌ಗೆ ಎದೆ ಕಟ್ಟುತ್ತದೆ, ಸಮುದ್ರದ ಗಾಳಿ ಕುಡಿಯಲು ಡಾಕ್ಟರು ಹೇಳಿದ್ದಾರೆ, ಅಷ್ಟೇ.

ಸೆಪ್ಟೆಂಬರ್ 19, ಗುರುವಾರ

ಪಕ್ಕದ ಮನೆಯ ಐವಿ ಬೇಲಿಯ ಮೇಲಿಂದ ಕೈಚಾಚಿ ಕೆಮ್ಮಿನ ಮಿಠಾಯಿಯ ಪೊಟ್ಟಣ ಕೊಟ್ಟಳು. ಐವಿಗೆ ಎಂಬತ್ತೊಂದು. ಈ ಬೀದಿಯಲ್ಲಿ ಯಾರ ಮನೆಯ ಕಸದ ಡಬ್ಬಿ ಯಾವಾಗ ಹೊರಬರುತ್ತದೆ ಎಂಬುದು ಪುರಸಭೆಗಿಂತ ಮೊದಲು ಅವಳಿಗೆ ಗೊತ್ತಾಗುತ್ತದೆ.

“ಕ್ಲೈವ್‌ಗೆ ಕಳ್ಸು ಕಣೇ. ಎದೆ ಹೆಂಗಿದೆ ಈಗ?”

“ಪರವಾಗಿಲ್ಲ ಐವಿ. ಗಾಳಿ ಚೆನ್ನಾಗಿ ಒಗ್ಗಿದೆ.”

“ಒಗ್ಗಿರ್ಬೇಕು ಬಿಡು, ಇಷ್ಟು ತಿಂಗಳಾಯ್ತಲ್ಲ.”

ಕಪಾಟಿನ ಖಾನೆಯಲ್ಲಿ ಇಂಥ ಪೊಟ್ಟಣ ಹನ್ನೊಂದಾದವು. ಕಪ್ಪು ದ್ರಾಕ್ಷಿಯ ರುಚಿಯವು. ಒಂದನ್ನು ಬಾಯಿಗೆ ಹಾಕಿಕೊಂಡು ಉಗಿದೆ. ನನ್ನ ಸುಳ್ಳಿಗೆ ನನಗೇ ಹೇಸಿಗೆಯಾಗುತ್ತದೆ, ಆದರೆ ಈ ವಯಸ್ಸಿನಲ್ಲಿ ಗಂಡ ಬಿಟ್ಟವಳು ಅನ್ನಿಸಿಕೊಳ್ಳುವುದಕ್ಕಿಂತ ಸುಳ್ಳುಗಾತಿ ಅನ್ನಿಸಿಕೊಳ್ಳುವುದೇ ವಾಸಿ.

ಸೆಪ್ಟೆಂಬರ್ 24, ಮಂಗಳವಾರ

ಏವ್ರಿಲ್ ತನ್ನ ಟ್ಯಾಬ್ಲೆಟ್ ಹಿಡಿದುಕೊಂಡು ಬಂದಿದ್ದಳು. ಎಲ್ಲ ಕಂಪನಿಗಳ ದರವನ್ನೂ ಪಕ್ಕಪಕ್ಕ ಇಟ್ಟು ತೋರಿಸುವ ಜಾಲತಾಣವಂತೆ. ಮೂವತ್ತಾರು ದರಗಳು. ಒಂದರಲ್ಲಿ ಯೂನಿಟ್ಟು ಅಗ್ಗ, ಬಳಸಿದರೂ ಬಿಟ್ಟರೂ ಕಟ್ಟುವ ದಿನದ ಬಾಡಿಗೆ ದುಬಾರಿ. ಇನ್ನೊಂದರಲ್ಲಿ ಬಾಡಿಗೆ ಅಗ್ಗ, ಯೂನಿಟ್ಟು ದುಬಾರಿ. ಮೂರನೆಯದರಲ್ಲಿ ಎರಡೂ ದುಬಾರಿ, ಜೊತೆಗೆ ಒಂದು ಮರ ನೆಡುತ್ತಾರಂತೆ.

“ನೀನು ಸುಮ್ನೆ ಹಳೇ ಕಂಪನೀಲೇ ಕೊಳೀತಾ ಕೂರ್ಬೇಡ ಬೆರಿಲ್. ಬದಲಾಯ್ಸು.”

“ಬದಲಾಯ್ಸೋಕೆ ಖಾತೆ ನನ್ನ ಹೆಸರಲ್ಲಿದ್ಯೇನೇ?”

“ಹೆಸರು ಬದಲಾಯ್ಸು ಹಂಗಾದ್ರೆ. ಅವನು ಮನೆ ಬಿಟ್ಟು ಹೋದ ಅಂತ ಹೇಳು. ಎರಡು ನಿಮಿಷದ ಕೆಲ್ಸ.”

“ಹೇಳ್ತೀನಿ, ಹೇಳ್ತೀನಿ. ಅವಸರ ಏನಿದೆ ಈಗ?”

ಅವಳು ಒಂಥರಾ ನೋಡಿದಳು. ನಾನು ಚಹಾ ಮಾಡಲು ಎದ್ದುಹೋದೆ. ಅವಳ ಟ್ಯಾಬ್ಲೆಟ್ಟಿನ ಗಾಜಿನ ಮೇಲೆ ಬೆರಳಿನ ಎಣ್ಣೆ ಹೇಗೆ ಮೆತ್ತಿತ್ತೆಂದರೆ, ಮೂವತ್ತೆರಡು ವರ್ಷ ಶಾಲೆಯ ಅಡುಗೆಮನೆ ನಡೆಸಿದವಳಿಗೆ ಅದನ್ನು ನೋಡಲಾಗದು. ಅವಳು ಹೋಗುವ ಮೊದಲು ಒರೆಸಿಕೊಟ್ಟೆ.

ಅಕ್ಟೋಬರ್ 1, ಮಂಗಳವಾರ

ಮೊದಲನೇ ತಾರೀಖು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮಂಡಿಯೂರಿ, ಟಾರ್ಚ್ ಕಚ್ಚಿಕೊಂಡು ಕರೆಂಟಿನ ಮೀಟರ್ ಓದಿದೆ. ಆಮೇಲೆ ಹೊರಗೆ ಹೋಗಿ ಗ್ಯಾಸಿನದು. ಎರಡನ್ನೂ ಕ್ಲೈವ್‌ಗೆ ಮೆಸೇಜು ಮಾಡಿದೆ. ಖಾತೆಯ ಪಾಸ್‌ವರ್ಡ್ ಅವನ ಹತ್ತಿರ ಇದೆ, ಅವನೇ ಕಂಪನಿಗೆ ತುಂಬಿಸಬೇಕು. ತಿಂಗಳಿಗೊಮ್ಮೆ ನಾನು ಅಂಕಿ ಕಳಿಸುವುದು, ಅವನು ಹೆಬ್ಬೆರಳು ಎತ್ತಿದ ಗುರುತು ಕಳಿಸುವುದು. ನಲವತ್ತಾರು ವರ್ಷದ ದಾಂಪತ್ಯದಲ್ಲಿ ಉಳಿದಿರುವುದು ಆ ಹಳದಿ ಹೆಬ್ಬೆರಳು. ಅದನ್ನು ಕಂಡರೆ ವಾಕರಿಕೆ ಬರುತ್ತದೆ.

ಬೆಳಗ್ಗೆ ಎಂಟಕ್ಕೆ ಕಳಿಸಿದ್ದೆ. ಉತ್ತರ ಬಂದದ್ದು ಹನ್ನೊಂದೂ ಕಾಲಿಗೆ. ಅಲ್ಲಿಯತನಕ ಫೋನ್ ಅಡುಗೆಮನೆಯಲ್ಲೇ ಇಟ್ಟುಕೊಂಡಿದ್ದೆ, ಸ್ಕೋನ್‌ ಬೇಯಲು ಗಡಿಯಾರ ಬೇಕಲ್ಲ. ಈ ಸಲ ಹೆಬ್ಬೆರಳಿನ ಜೊತೆ ಒಂದು ಸಾಲೂ ಇತ್ತು: ‘ದರದ ಚಿಂತೆ ಬಿಡು, ನಾನು ನೋಡ್ಕೋತೀನಿ.’

ನೋಡ್ಕೋತಾನಂತೆ. ಬಸ್ಸು ಓಡಿಸುವಾಗಲೂ ಹೀಗೇ ಹೇಳುತ್ತಿದ್ದ. ಅವನ ಬಸ್ಸು ಒಂದು ದಿನ ಸಮಯಕ್ಕೆ ಬಂದದ್ದಿಲ್ಲ.

ಅಕ್ಟೋಬರ್ 4, ಶುಕ್ರವಾರ

ಚಳಿ. ಮೂಗು ಸೋರುತ್ತಿದೆ. ಹೀಟರ್ ಹಾಕಲಿಲ್ಲ.

ಅಕ್ಟೋಬರ್ 10, ಗುರುವಾರ

ಇನ್ನೊಂದು ಪತ್ರ. ಕೇಳಿಯೇ ಇರದ ಹೊಸ ಕಂಪನಿಯಿಂದ. ‘ಪ್ರಿಯ ಕ್ಲೈವ್, ನಮ್ಮ ಕುಟುಂಬಕ್ಕೆ ಸ್ವಾಗತ!’ ಗುರುತು ಪರಿಚಯವಿಲ್ಲದವರು ಹೆಸರು ಹಿಡಿದು ಕರೆಯುವುದೇ ನನಗಾಗದು, ಅದರ ಮೇಲೆ ಕುಟುಂಬ ಬೇರೆ.

ಮೇಜಿನ ಹತ್ತಿರ ಕೂತು ಎರಡು ಸಲ ಓದಿದೆ. ಎಂಟನೇ ತಾರೀಖು ಕ್ಲೈವ್ ಒಪ್ಪಂದಕ್ಕೆ ಹೂಂ ಅಂದಿದ್ದಾನೆ. ನವೆಂಬರ್ ಒಂದರಿಂದ ಈ ಮನೆಗೆ ಕರೆಂಟು, ಗ್ಯಾಸು ಅವರದು. ದರ ಎರಡು ವರ್ಷಕ್ಕೆ ನಿಗದಿ. ಬೇಡವೆಂದರೆ ಹದಿನಾಲ್ಕು ದಿನದೊಳಗೆ, ಅಂದರೆ ಇಪ್ಪತ್ತೆರಡರೊಳಗೆ, ಖಾತೆದಾರರು ತಿಳಿಸಬೇಕು. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಪಟ್ಟಿ, ನೀವು ಕೊಟ್ಟ ವಿವರಗಳು ಎಂದು. ಮನೆಯ ಬಗೆ: ಸಾಲುಮನೆ. ಮಲಗುವ ಕೋಣೆ: ಮೂರು. ಹಗಲಲ್ಲಿ ಮನೆಯಲ್ಲಿ ಇರುತ್ತೀರಾ: ಹೌದು. ವಾಸವಿರುವವರು: ಇಬ್ಬರು.

ಇಬ್ಬರು.

ಪತ್ರವನ್ನು ಮಡಚಿ ಲಕೋಟೆಗೆ ಹಾಕಿದೆ, ಮತ್ತೆ ತೆಗೆದೆ.

ಅಕ್ಟೋಬರ್ 11, ಶುಕ್ರವಾರ

ಹಿಂದಿನ ಕೋಣೆಯ ಹಾಸಿಗೆಯನ್ನು ಎತ್ತಿ ಕಿಟಕಿಗೆ ಒರಗಿಸಿದೆ. ತೇವ ಹಿಡಿಯುತ್ತದೆ, ಆಗಾಗ ಗಾಳಿಗೆ ಇಡಬೇಕು. ಹೊದಿಕೆ ಒಗೆದೆ. ಮಾರುಕಟ್ಟೆಯಲ್ಲಿ ಉಪ್ಪಿನಕಾಯಿ ಈರುಳ್ಳಿಯ ದೊಡ್ಡ ಜಾಡಿ ಅಗ್ಗಕ್ಕೆ ಬಿಟ್ಟಿದ್ದರು, ಒಂದು ತಂದೆ. ನಾನು ತಿನ್ನುವುದಿಲ್ಲ, ಬಾಯಿ ವಾಸನೆ ಬರುತ್ತದೆ. ಆದರೂ ಮನೆಯಲ್ಲಿ ಒಂದು ಇದ್ದರೆ ಯಾರಿಗಾದರೂ ಆಗುತ್ತದೆ.

ಕೂದಲು ಕತ್ತರಿಸಿಕೊಂಡೆ. ಹದಿನಾಲ್ಕು ಪೌಂಡ್. ಹಗಲು ದರೋಡೆ.

ಅಕ್ಟೋಬರ್ 13, ಭಾನುವಾರ

ಕ್ಲೈವ್ ಬಂದಿದ್ದ. ಹನ್ನೆರಡೂವರೆಗೆ, ಸರಿಯಾಗಿ ಹಂದಿ ಮಾಂಸ ಒಲೆಯಿಂದ ಇಳಿಯುವ ಹೊತ್ತಿಗೆ. ಮೊದಲೇ ಫೋನ್ ಮಾಡಿರಲಿಲ್ಲ. ಅದೇನೋ ನಾನು ಒಂದು ದೊಡ್ಡ ತುಂಡನ್ನೇ ತಂದಿದ್ದೆ.

ಬಿಸಿಲಿಗೆ ಮೈ ಕಪ್ಪಾಗಿದೆ. ಕುತ್ತಿಗೆಗೆ ಸಣ್ಣ ಚಿನ್ನದ ಸರ ಹಾಕಿದ್ದಾನೆ. ಹುರಿದ ಹಂದಿಚರ್ಮವನ್ನು ಕಟಕಟ ಕಡಿಯುತ್ತಾ, ತುಟಿಯ ಮೇಲೆ ಕೊಬ್ಬು ಮೆತ್ತಿಸಿಕೊಂಡು, ನಿನ್ನೆಯಷ್ಟೇ ಇಲ್ಲಿಂದ ಎದ್ದುಹೋದವನ ಹಾಗೆ ತಿಂದ. ಈರುಳ್ಳಿ ಜಾಡಿ ಕಂಡು ಕಣ್ಣರಳಿಸಿದ. ಎಂಟು ಈರುಳ್ಳಿ ತಿಂದ, ಎಣಿಸಿದ್ದೇನೆ. ಆಮೇಲೆ ಬಾಯಿ ಒರೆಸಿಕೊಂಡು ವಿಷಯಕ್ಕೆ ಬಂದ.

“ಪತ್ರ ಬಂತಾ?”

“ಬಂತು.”

“ಒಳ್ಳೇ ದರ ಕಣೇ. ಮೂರು ದಿನ ಕೂತು ಹುಡುಕ್ದೆ. ಎರಡು ವರ್ಷ ತಲೆನೋವಿಲ್ಲ.”

“ಇಬ್ಬರು ಅಂತ ಬರ್ದಿದೀಯ.”

ಅವನು ಚಮಚವನ್ನು ತಟ್ಟೆಯಲ್ಲಿ ಆಚೀಚೆ ಸರಿಸಿದ. “ಅದನ್ನೇ ಹೇಳೋಣ ಅಂತ ಬಂದೆ. ಮೂವತ್ತೊಂದಕ್ಕೆ ಪಾರ್ಕಿನ ಗೇಟು ಮುಚ್ತಾರೆ, ಬೆರಿಲ್. ನೀರು ನಿಲ್ಲಿಸ್ತಾರೆ, ಒಬ್ರನ್ನೂ ಇರೋಕೆ ಬಿಡಲ್ಲ. ಕೌನ್ಸಿಲ್ ಕಾನೂನು.”

ಗೊತ್ತಿರುವುದೇ. ಆ ತೀರದ ಪಾರ್ಕುಗಳೆಲ್ಲ ಹಾಗೇ, ಚಳಿಗಾಲ ಪೂರ್ತಿ ಬೀಗ. ಎದೆ ಹೊಡೆದುಕೊಳ್ಳುತ್ತಿತ್ತು. ಹಾಳಾದ್ದು, ಹೊಡೆದುಕೊಳ್ಳುತ್ತಿತ್ತು.

“ಹಿಂದಿನ ರೂಮಲ್ಲಿ ಇರ್ತೀನಿ. ನಿಂಗೆ ಏನೂ ತೊಂದ್ರೆ ಕೊಡಲ್ಲ. ಬಿಲ್ಲಲ್ಲಿ ಅರ್ಧ ನಂದು.”

“ಲೊರೇನ್?”

“ಅವಳು ವರ್ಕ್‌ಸಾಪ್ ಊರಿನ ಮಗಳ ಮನೇಗೆ ಹೋಗ್ತಾಳೆ. ಅಲ್ಲಿ ಒಂದೇ ಮಂಚ ಹಿಡಿಯೋಷ್ಟು ಜಾಗ. ಮತ್ತೆ ಆ ಮಗಳಿಗೆ ನನ್ನ ಕಂಡ್ರೆ ಆಗಲ್ಲ.”

“ಅವಳನ್ನ ಬಿಟ್ಯಾ ಹಂಗಾದ್ರೆ?”

ಅವನು ನಿಜವಾಗಿಯೂ ಆಶ್ಚರ್ಯಪಟ್ಟ. ಅದೇ ಅಸಹ್ಯ. ನಾಟಕ ಮಾಡಿದ್ದರೆ ತಡೆಯಬಹುದಿತ್ತು.

“ಬಿಡೋದಾ? ಇಲ್ಲ ಕಣೇ. ಬರೀ ಮಾರ್ಚ್ ತನಕ. ಮಾರ್ಚ್ ಒಂದಕ್ಕೆ ಗೇಟ್ ತೆಗೀತಾರಲ್ಲ.”

“ಹಂಗಾದ್ರೆ ಎರಡು ವರ್ಷ ಯಾಕೆ ಹಿಡ್ದೆ?”

“ಮುಂದಿನ ಚಳಿಗಾಲಕ್ಕೂ ಬೇಕಾಗತ್ತಲ್ಲ,” ಅಂದ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬೇಸಿಗೆಗೆ ಅವಳು, ಚಳಿಗಾಲಕ್ಕೆ ನಾನು. ಎರಡು ಕೋಟು ಇಟ್ಟುಕೊಂಡ ಹಾಗೆ. ಮುಖಕ್ಕೆ ಗ್ರೇವಿ ಎರಚಬೇಕಿತ್ತು. ಬೀದಿಗೆ ಕೇಳುವ ಹಾಗೆ ಕೂಗಬೇಕಿತ್ತು. ನಾನು ಮಾಡಿದ್ದೇನು? ಎದ್ದುಹೋಗಿ ಸೇಬಿನ ಕ್ರಂಬಲ್ ತಂದಿಟ್ಟೆ. ಕಸ್ಟರ್ಡ್ ಬಿಸಿ ಮಾಡಿಕೊಟ್ಟೆ. ಅವನು ಎರಡು ಸಲ ಹಾಕಿಸಿಕೊಂಡ. ಹೋಗುವಾಗ ಬಾಗಿಲಲ್ಲಿ ನಿಂತು, ಕೂದಲು ಚೆನ್ನಾಗಿ ಕತ್ತರಿಸಿದ್ದಾರೆ ಅಂದ.

ಅವನ ತಟ್ಟೆಯನ್ನು ಕುದಿಯುವ ನೀರಿನಲ್ಲಿ ಎರಡು ಸಲ ತೊಳೆದೆ. ನಾನು ಇಲ್ಲ ಅನ್ನಲಿಲ್ಲ. ಹೂಂ ಅಂತಲೂ ಅನ್ನಲಿಲ್ಲ. ಅವನಿಗೆ ಅಷ್ಟು ಸಾಕು, ಹೂಂ ಅಂದುಕೊಂಡೇ ಹೋಗಿರುತ್ತಾನೆ.

ಅಕ್ಟೋಬರ್ 14, ಸೋಮವಾರ

ಹೇಸಿಗೆ. ಬೇರೇನೂ ಬರೆಯಲು ಮನಸ್ಸಿಲ್ಲ.

ಅಕ್ಟೋಬರ್ 16, ಬುಧವಾರ

ಏವ್ರಿಲ್‌ಗೆ ಫೋನಿನಲ್ಲಿ ಹೇಳಿದೆ. ಹೇಳಬಾರದಿತ್ತು. ಅವಳದು ಶುರುವಾಯಿತು.

“ಚಳಿಗಾಲಕ್ಕೆ ಬಂದು ಬೇಸಿಗೆಗೆ ಹಾರಿಹೋಗೋಕೆ ಅವನೇನು ಬಾತುಕೋಳಿನಾ?”

“ಅರ್ಧ ಬಿಲ್ ಕೊಡ್ತಾನಂತೆ ಕಣೇ.”

“ಬೆರಿಲ್!”

“ಮೇಲಿನ ಗಟಾರದಲ್ಲಿ ಎಲೆ ತುಂಬಿದೆ. ಗಂಡಸು ಅಂತ ಒಬ್ಬ ಮನೇಲಿದ್ರೆ ಏಣಿ ಹತ್ತಾನೆ.”

“ಅವನು ಕೊನೇ ಸಲ ಏಣಿ ಹತ್ತಿದ್ದು ರಾಣಿ ಪಟ್ಟಕ್ಕೇರಿದ ಐವತ್ತನೇ ವರ್ಷದ ಹಬ್ಬಕ್ಕೆ ಬಾವುಟ ಕಟ್ಟೋಕೆ.”

“ಎರಡು ವರ್ಷದ ದರ ನಿಜವಾಗ್ಲೂ ಚೆನ್ನಾಗಿದೆ. ನೀನೇ ನೋಡು, ನಿನ್ನ ಜಾಲತಾಣದಲ್ಲೂ ಅಷ್ಟು ಕಡಿಮೆಗೆ ಸಿಗಲ್ಲ.”

“ನೀನು ದರದ ಬಗ್ಗೆ ಮಾತಾಡ್ತಿದೀಯಾ, ಅವನ ಬಗ್ಗೆ ಮಾತಾಡ್ತಿದೀಯಾ?”

ಫೋನ್ ಇಟ್ಟುಬಿಟ್ಟೆ. ಅವಳ ಗಂಡ ಸತ್ತು ಒಂಬತ್ತು ವರ್ಷ. ಸತ್ತ ಗಂಡ ಎಲ್ಲರೆದುರು ಹೇಳಿಕೊಳ್ಳಲು ಸುಲಭ. ಜನ ಹೂ ತಂದುಕೊಡುತ್ತಾರೆ. ನನಗೆ ಯಾರು ಏನು ತಂದುಕೊಟ್ಟರು? ಕೆಮ್ಮಿನ ಮಿಠಾಯಿ.

ಒಂದು ಮಾತು ಬರೆದೇ ಬಿಡುತ್ತೇನೆ. ಭಾನುವಾರ ಅವನು ತಿನ್ನುತ್ತಿದ್ದಾಗ ಅಸಹ್ಯವೂ ಆಗುತ್ತಿತ್ತು, ಅಡುಗೆಮನೆ ತುಂಬಿದ ಹಾಗೂ ಅನ್ನಿಸುತ್ತಿತ್ತು. ಎರಡೂ ಒಟ್ಟಿಗೆ. ಎಂಟು ತಿಂಗಳು ಒಬ್ಬಳೇ ತಿಂದರೆ ಫೋರ್ಕು ತಟ್ಟೆಗೆ ತಾಗುವ ಸದ್ದೂ ದೊಡ್ಡದಾಗಿ ಕೇಳುತ್ತದೆ.

ಅಕ್ಟೋಬರ್ 18, ಶುಕ್ರವಾರ

ಹಿಂದಿನ ಕೋಣೆಯ ಹಾಸಿಗೆ ಮತ್ತೆ ಮಂಚಕ್ಕೆ ಹಾಕಿದೆ. ಹೊದಿಕೆ ಹೊದಿಸಿದೆ. ಮಂಚ ಬರಿದೇ ಇದ್ದರೆ ಕೋಣೆ ಕೆಟ್ಟದಾಗಿ ಕಾಣುತ್ತದೆ.

ಕ್ಲೈವ್ ಮೆಸೇಜು: ‘ಹಿಂದಿನ ರೂಮ್ ರೇಡಿಯೇಟರ್ ಗಾಳಿ ಬಿಡ್ಸು, ಹೋದ ವರ್ಷ ತಣ್ಣಗಿತ್ತು.’ ಹೆಬ್ಬೆರಳು.

ಅಕ್ಟೋಬರ್ 20, ಭಾನುವಾರ

ಚರ್ಚಿನಿಂದ ಐವಿಯ ಜೊತೆ ನಡೆದುಕೊಂಡು ಬಂದೆ. ಅವಳ ನಡಿಗೆ ನಿಧಾನ, ಎರಡೆರಡು ಮನೆಗೊಮ್ಮೆ ನಿಲ್ಲುತ್ತಾಳೆ. ಅಂಚೆಪೆಟ್ಟಿಗೆಯ ಹತ್ತಿರ ನಿಂತಾಗ ನಾನೇ ಬಾಯಿಬಿಟ್ಟೆ. ಅವನು ಬರುವ ಮೊದಲೇ ಬೀದಿಗೊಂದು ಕಾರಣ ಹೇಳಿಡಬೇಕಲ್ಲ, ಅದಕ್ಕೆ.

“ಕ್ಲೈವ್ ವಾಪಸ್ ಬರ್ತಾನೆ ಐವಿ, ತಿಂಗಳ ಕೊನೇಗೆ. ಚಳಿಗಾಲದಲ್ಲಿ ಸಮುದ್ರದ ಗಾಳಿ ಎದೆಗೆ ಆಗಲ್ವಂತೆ.”

ಐವಿ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು.

“ಗೇಟು ಮುಚ್ತಾರಲ್ಲ, ಹೂಂ,” ಅಂದಳು.

ನನಗೆ ಕಿವಿ ಬಿಸಿಯಾಯಿತು. “ಯಾವ ಗೇಟು?”

“ನನ್ನ ತಂಗಿ ಮೊಮ್ಮಗಳು ಕೆರಿ ಅದೇ ಪಾರ್ಕ್ ಕ್ಲಬ್ಬಲ್ಲಿ ಬಿಂಗೋ ನಂಬರ್ ಕೂಗೋದು ಕಣೇ. ಅವರಿಬ್ರೂ ಮೊದಲ್ನೇ ಸಾಲಲ್ಲೇ ಕೂರ್ತಾರಂತೆ.”

“ಯಾವಾಗಿಂದ ಗೊತ್ತು ನಿಂಗೆ?”

“ಈಸ್ಟರ್‌ನಿಂದ.”

“ಮತ್ತೆ ಆ ಮಿಠಾಯಿ? ಅವನ ಎದೆ ಹೆಂಗಿದೆ ಅಂತ ವಾರವಾರ ಕೇಳೋದು?”

“ಬೀದಿಯವರೆಲ್ಲ ಕೇಳ್ತಿದ್ರಲ್ಲ, ಅವನೆಲ್ಲಿ ಅವನೆಲ್ಲಿ ಅಂತ. ನಾನೇ ಮೊದಲು ಎದೆ ಅಂತ ಕೇಳ್ಬಿಟ್ರೆ ನೀನು ಹೊಸದಾಗಿ ಏನೂ ಕಟ್ಟಿ ಹೇಳೋದು ಬೇಕಾಗಲ್ಲ. ಒಂದೇ ಸುಳ್ಳಾದ್ರೆ ನೆನಪಿಟ್ಕೊಳ್ಳೋದು ಸುಲಭ.” ಮತ್ತೆ ಎರಡು ಹೆಜ್ಜೆ ನಡೆದು ನಿಂತಳು. “ಒಟ್ಟು ಎಲ್ಲಾರ್ಗೂ ಗೊತ್ತು ಕಣೇ. ಯಾರೂ ನಿನ್ನನ್ನ ಏನೂ ಅಂದಿಲ್ಲ. ಅವನನ್ನ ಅಂದಿದಾರೆ.”

ಎಂಟು ತಿಂಗಳು. ಇಡೀ ಬೀದಿ ನನ್ನ ಸುಳ್ಳಿಗೆ ಹೂಂಗುಟ್ಟುತ್ತಾ, ಎದೆಗೆ ಜೇನು ಕೊಡು, ಮೆಣಸು ಕೊಡು ಎಂದು ಸಲಹೆ ಕೊಡುತ್ತಾ ಇತ್ತು. ಮನೆಗೆ ಬಂದು ಅತ್ತೆ. ನಾಚಿಕೆಯಿಂದಲೋ ಸಿಟ್ಟಿನಿಂದಲೋ ತಿಳಿಯಲಿಲ್ಲ. ಅತ್ತಮೇಲೆ ಹೊಟ್ಟೆ ಹಸಿಯಿತು. ಸಾಸಿನಲ್ಲಿ ಬೇಯಿಸಿದ ಕಾಳಿನ ಡಬ್ಬಿ ತೆರೆದು ಟೋಸ್ಟಿನ ಮೇಲೆ ಸುರಿದುಕೊಂಡು ಅಲ್ಲೇ ನಿಂತು ತಿಂದೆ.

ಅಕ್ಟೋಬರ್ 22, ಮಂಗಳವಾರ

ಇವತ್ತು ಕೊನೆಯ ದಿನ. ಇವತ್ತು ದಾಟಿದರೆ ಹೊಸ ಕಂಪನಿಯ ಒಪ್ಪಂದ ಗಟ್ಟಿ.

ಬೆಳಗ್ಗೆ ಅವರಿಗೆ ಫೋನ್ ಮಾಡಿದೆ. ‘ಕುಟುಂಬ’ದವರು ಅದನ್ನೇ ಹೇಳಿದರು, ಕ್ಲೈವ್ ಬಿಟ್ಟು ಬೇರೆಯವರ ಹತ್ತಿರ ಮಾತಾಡುವುದಿಲ್ಲ. ಆಮೇಲೆ ಹಳೆಯ ಕಂಪನಿಗೆ ಮಾಡಿದೆ. ಹೀಟರ್ ಹಾಕಿ, ಚಹಾ ಲೋಟ ಪಕ್ಕಕ್ಕಿಟ್ಟು, ಮೆಟ್ಟಿಲ ಮೇಲೆ ಕೂತೆ. ಪಿಟೀಲು ಇಪ್ಪತ್ತೆರಡು ನಿಮಿಷ. ಈ ಸಲ ಬಂದದ್ದು ಸಂಡರ್‌ಲ್ಯಾಂಡ್ ಕಡೆಯ ಹುಡುಗಿ. ಮಾತು ಸಾಫ್.

“ಖಾತೆದಾರರು ಮನೇಲಿದಾರಾ ಮೇಡಂ?”

“ಇಲ್ಲ. ಮನೆ ಬಿಟ್ಟು ಹೋಗಿದಾರೆ.”

ಮೊದಲ ಸಲ ಗಟ್ಟಿಯಾಗಿ ಹೇಳಿದ್ದು. ಬಾಯಿಯಲ್ಲಿ ತುಕ್ಕಿನ ರುಚಿ. ಹುಡುಗಿ ಏನೂ ಆಗದವಳ ಹಾಗೆ ಕೀಲಿಮಣೆ ಕುಟ್ಟಿದಳು.

“ಸರಿ. ಹಂಗಾದ್ರೆ ಖಾತೆ ನಿಮ್ಮ ಹೆಸರಿಗೆ ಮಾಡ್ಕೊಡ್ತೀನಿ. ಅವರು ಬೇರೆ ಕಂಪನಿ ಜೊತೆ ಮಾಡ್ಕೊಂಡಿರೋದೂ ಬಿದ್ದೋಗತ್ತೆ, ಅಲ್ಲಿ ವಾಸ ಇಲ್ದೋರು ಆ ಮನೆಗೆ ಒಪ್ಪಂದ ಮಾಡೋ ಹಾಗಿಲ್ಲ. ಯಾವತ್ತು ಹೋದ್ರು?”

“ಮಾರ್ಚ್ ಒಂದು.”

ಕುಟ್ಟುವ ಸದ್ದು ನಿಂತಿತು. “ಈ ವರ್ಷ ಮಾರ್ಚಾ? ಮೇಡಂ, ಒಂದು ವಿಷ್ಯ ಹೇಳ್ತೀನಿ. ಮಾರ್ಚ್ ಒಂದಕ್ಕೆ ಅವರ ಖಾತೆ ಮುಚ್ಚಿದ್ರೆ ಅವರ ನಿಗದಿತ ದರಾನೂ ಅವತ್ತಿಗೇ ಮುಗಿಯತ್ತೆ. ಅಲ್ಲಿಂದ ಇಲ್ಲೀವರೆಗೂ ಎಲ್ಲಾ ಮಾಮೂಲಿ ದರದಲ್ಲಿ ಮತ್ತೆ ಲೆಕ್ಕ ಹಾಕ್ಬೇಕಾಗತ್ತೆ. ಒಂದ್ನಿಮಿಷ... ಇನ್ನೂರ ಹದಿನೆಂಟು ಪೌಂಡ್ ಹತ್ರ ನಿಮ್ಮ ಮೇಲೆ ಬೀಳತ್ತೆ.”

“ಇನ್ನೂರ ಹದಿನೆಂಟಾ?”

“ಹೂಂ.” ಅವಳು ದನಿ ತಗ್ಗಿಸಿದಳು. “ಅದೇ ಅವರು ಇವತ್ತು ಹೋದ್ರು ಅಂತಾದ್ರೆ ಏನೂ ಬೀಳಲ್ಲ. ನಾನು ತಾರೀಖು ಇನ್ನೂ ತುಂಬಿಲ್ಲ. ನೀವು ಹೇಳಿದ್ದನ್ನ ನಾನು ಹಾಕೋದು, ಅಷ್ಟೆ.”

ಒಳ್ಳೆಯ ಹುಡುಗಿ. ಇನ್ನೂರ ಹದಿನೆಂಟು ಪೌಂಡಿಗೆ ನಾನು ಇಡೀ ಚಳಿಗಾಲ ಹೀಟರ್ ಹಾಕಿಕೊಂಡು ಕೂರಬಹುದು. ಇವತ್ತು ಅಂದುಬಿಡೋಣ ಅಂತ ಬಾಯಿಗೆ ಬಂತು ಕೂಡ. ಇವತ್ತು ಅಂದರೆ ಮಾರ್ಚಿನಿಂದ ಇವತ್ತಿನವರೆಗೆ ಅವನು ಇಲ್ಲೇ ಇದ್ದ, ನನ್ನ ಜೊತೆ ಊಟ ಮಾಡಿದ, ಇದೇ ಮೆಟ್ಟಿಲು ಹತ್ತಿ ಹೋಗಿ ಮಲಗಿದ ಎಂದು ಕಂಪನಿಯ ಪುಸ್ತಕದಲ್ಲಿ ಶಾಶ್ವತವಾಗಿ ಕೂರುತ್ತದೆ. ಲೊರೇನಿನ ಡಬ್ಬದಲ್ಲಿ ಅವನು ಕಳೆದ ಒಂದೊಂದು ದಿನಕ್ಕೂ ನಾನು ರುಜು ಹಾಕಿದ ಹಾಗೆ. ಥೂ.

“ಮಾರ್ಚ್ ಒಂದೇ ಹಾಕಮ್ಮ.”

“ಆಯ್ತು ಮೇಡಂ. ಅವತ್ತಿನ ಮೀಟರ್ ರೀಡಿಂಗ್ ಇರತ್ತಾ? ಇಲ್ದಿದ್ರೆ ಅಂದಾಜು ಹಾಕ್ತೀನಿ, ಯಾರ್ ಹತ್ರಾನೂ ಇರಲ್ಲ.”

“ತಡಿ,” ಅಂದೆ. ಈ ಪುಸ್ತಕವನ್ನೇ ತಂದು ಹಿಂದಕ್ಕೆ ತಿರುವಿದೆ. ಮಾರ್ಚ್ 1, ಶುಕ್ರವಾರ. ಆ ಪುಟದಲ್ಲಿ ಎರಡೇ ಸಾಲು. ಕರೆಂಟು 41872. ಗ್ಯಾಸು 6630. ಬೇರೆ ಒಂದಕ್ಷರ ಇಲ್ಲ. ನಲವತ್ತಾರು ವರ್ಷ ಜೊತೆಗಿದ್ದವನು ಎದ್ದುಹೋದ ದಿನ ನಾನು ಬರೆದದ್ದು ಅಷ್ಟು.

ಅಂಕಿಗಳನ್ನು ಓದಿ ಹೇಳಿದೆ. ಹುಡುಗಿ ಖುಷಿಯಾದಳು. ಇಷ್ಟು ಸರಿಯಾಗಿ ಬರೆದಿಟ್ಟುಕೊಂಡವರನ್ನು ಈ ಕೆಲಸಕ್ಕೆ ಸೇರಿದ ಮೇಲೆ ನೋಡಿಯೇ ಇಲ್ಲ ಅಂದಳು. ಕೆಮ್ಮಿದೆ. ನೀರು ಕುಡೀರಿ ಮೇಡಂ, ಕಾಯ್ತೀನಿ ಅಂದಳು.

ಆ ದಿನದ್ದನ್ನು ಈಗಲಾದರೂ ಬರೆಯುತ್ತೇನೆ. ಹತ್ತು ಗಂಟೆಗೆ ಅವನು ಮೆಟ್ಟಿಲಿಳಿದು ಬಂದ, ನೀಲಿ ಚೀಲ ಹಿಡಿದುಕೊಂಡು. ‘ನಾನು ಲೊರೇನ್ ಜೊತೆ ಇರೋಕೆ ಹೋಗ್ತಿದೀನಿ ಬೆರಿಲ್, ಇವತ್ತು ಪಾರ್ಕ್ ತೆಗೀತಾರೆ,’ ಅಂದ. ನಾನು ‘ಊಟಕ್ಕೆ ಬರ್ತೀಯಾ?’ ಅಂದೆ. ಕೇಳಿಸಿತ್ತು ನನಗೆ, ಅರ್ಥವೂ ಆಗಿತ್ತು. ಆದರೂ ಬಾಯಿಗೆ ಬಂದದ್ದು ಅದು. ಅವನು ‘ಇಲ್ಲ’ ಅಂದ. ಬಾಗಿಲು ಹಾಕಿಕೊಂಡಿತು. ಮೀನಿನ ಎರಡು ತುಂಡು ಬಾಣಲೆಯಲ್ಲಿದ್ದವು. ಏನು ಮಾಡಬೇಕೋ ತಿಳಿಯಲಿಲ್ಲ. ಮೊದಲನೇ ತಾರೀಖು ಎಂದು ನೆನಪಾಯಿತು, ಟಾರ್ಚ್ ತೆಗೆದುಕೊಂಡು ಮೆಟ್ಟಿಲ ಕೆಳಗೆ ಹೋದೆ. ಆ ಗೂಡಿನಲ್ಲೇ ಬಹಳ ಹೊತ್ತು ಮಂಡಿಯೂರಿ ಕೂತಿದ್ದೆ. ನನಗೆ ಅವನು ಬೇಕಾಗಿದ್ದ. ಅಷ್ಟು ದಿನವೂ ಬೇಕಾಗಿದ್ದ, ಅವನು ಊಟಕ್ಕೆ ಬಂದ ಭಾನುವಾರ ಕಸ್ಟರ್ಡ್ ಬಿಸಿ ಮಾಡುವಾಗಲೂ.

ಕೊನೆಗೆ ಹುಡುಗಿ ನನ್ನ ದರದ ಮಾತು ತೆಗೆದಳು. ಈಗ ಮಾಮೂಲಿ ದರದಲ್ಲಿ ಇರುತ್ತೀರಿ, ಬೇಕಾದಾಗ ಬದಲಾಯಿಸಬಹುದು, ಅವಸರವಿಲ್ಲ ಅಂದಳು. ವರ್ಷಕ್ಕೆ ನಿಗದಿಯಾದ ಒಂದು ದರವಿದೆ, ಬೇಕೆಂದರೆ ಇವತ್ತೇ ಕೊಡುತ್ತೇನೆ ಅಂದಳು. ಯೂನಿಟ್ಟು ಎಷ್ಟು, ದಿನದ ಬಾಡಿಗೆ ಎಷ್ಟು, ನಡುವೆ ಬಿಟ್ಟರೆ ದಂಡ ಎಷ್ಟು, ಎಲ್ಲ ಕೇಳಿ ಬರೆದುಕೊಂಡೆ. ದಂಡ ಜಾಸ್ತಿಯಾಯಿತು, ನಾಳೆ ಬೇರೆಯವರದನ್ನೂ ನೋಡಿ ಹೇಳುತ್ತೇನೆ ಅಂದೆ. ಸುಮ್ಮನೆ ಮೂಗಿಗೆ ತುಪ್ಪ ಸವರಿಸಿಕೊಳ್ಳುವವಳಲ್ಲ ನಾನು.

ಅಕ್ಟೋಬರ್ 23, ಬುಧವಾರ

ಏವ್ರಿಲ್‌ಳ ಟ್ಯಾಬ್ಲೆಟ್ಟಿನಲ್ಲಿ ಎರಡು ತಾಸು. ಮರ ನೆಡುವವರನ್ನು ಹೊಡೆದುಹಾಕಿದೆ. ನನ್ನ ಒಬ್ಬಳ ಬಳಕೆಗೆ ದಿನದ ಬಾಡಿಗೆ ಕಡಿಮೆ ಇರುವುದೇ ಮುಖ್ಯ, ಏವ್ರಿಲ್‌ಗೆ ಅದು ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ. ಇನ್ನು ಎರಡು ಉಳಿದಿವೆ. ಇಬ್ಬರೂ ಕಳ್ಳರೇ, ಒಬ್ಬ ಸ್ವಲ್ಪ ಸಣ್ಣ ಕಳ್ಳ.

ಅಕ್ಟೋಬರ್ 24, ಗುರುವಾರ

ಒಂಬತ್ತೂ ಕಾಲಿಗೆ ಫೋನ್. ಸೂಪಿಗೆ ಲೀಕ್ ಈರುಳ್ಳಿ ಸೊಪ್ಪು ಹೆಚ್ಚುತ್ತಿದ್ದೆ. ಕ್ಲೈವ್, ಏದುಸಿರು ಬಿಡುತ್ತಾ.

“ಬೆರಿಲ್! ಕಂಪನಿಯೋರು ಇಮೇಲ್ ಕಳ್ಸಿದಾರೆ. ನನ್ನ ಖಾತೆ ಮುಚ್ಬಿಟ್ಟಿದಾರಂತೆ. ಹೊಸ ದರಾನೂ ಹೋಯ್ತಂತೆ!”

“ಹೌದಾ.”

“ನಾನು ಮಾರ್ಚ್ ಒಂದಕ್ಕೇ ಮನೆ ಬಿಟ್ಟು ಹೋಗಿದೀನಂತೆ! ಹಂಗಂತ ಬರ್ದಿದಾರೆ! ಯಾವ ಬೇಕೂಫ ಹೇಳಿದ್ದು ಅವರಿಗೆ?”

“ಹೋಗಿಲ್ವಾ, ಕ್ಲೈವ್?”

ಆ ಕಡೆ ಕಡಲಹಕ್ಕಿಗಳು ಅರಚುತ್ತಿದ್ದವು. ಹಿಂದಿನಿಂದ ಹೆಂಗಸೊಬ್ಬಳು ‘ಏನಂತೆ?’ ಅಂದಳು.

“ಅದು... ಹಂಗಲ್ಲ ಕಣೇ. ಹೋಗಿರೋದು ಬೇರೆ. ಹಂಗಂತ ತಾರೀಖು ಹಾಕಿ ಬರ್ಸಿಬಿಡೋದಾ?”

“ಬರ್ಸ್ದೆ. ಇನ್ನೂರ ಹದಿನೆಂಟು ಪೌಂಡ್ ಕೊಟ್ಟು ಬರ್ಸ್ದೆ.”

ಅವನಿಗೆ ಆ ಮೊತ್ತ ಅರ್ಥವಾದ ಹಾಗಿತ್ತು. ದನಿ ಇಳಿಯಿತು.

“ಮೂವತ್ತೊಂದಕ್ಕೆ ನಾನೆಲ್ಲಿಗೆ ಹೋಗ್ಲಿ ಬೆರಿಲ್?”

“ಗೊತ್ತಿಲ್ಲ ಕ್ಲೈವ್.” ನಿಜಕ್ಕೂ ಗೊತ್ತಿರಲಿಲ್ಲ.

“ಕೊನೇ ಬಿಲ್ಲು ಯಾವ ವಿಳಾಸಕ್ಕೆ ಕಳಿಸ್ಬೇಕು ಅಂತ ಕೇಳ್ತಿದಾರೆ ಅವ್ರು. ನಾನೇನಂತ ಹೇಳ್ಲಿ?”

“ನೀನು ಇರೋ ಕಡೆಗೆ ಕಳ್ಸಕ್ಕೆ ಹೇಳು,” ಅಂದೆ.

ಫೋನ್ ಇಟ್ಟೆ. ಲೀಕ್ ಇನ್ನೂ ಅರ್ಧ ಹೆಚ್ಚುವುದು ಬಾಕಿಯಿತ್ತು.